ಸಾಕ್ಷಿ

ನೋಂದಣಿ ಕಚೇರಿಯಲ್ಲಿ “ಸಾಕ್ಷಿಗೆ ಇನ್ನೊಬ್ಬರು ಬೇಕು” ಎಂದರೆ ಆಧಾರ್ ಕಾರ್ಡ್ ಹಿಡಿದು ಸಹಿ ಹಾಕಲು ಹೋಗುತ್ತೇವೆ. ಬಂಗಾರಪೇಟೆಯ ಕ್ರೈಸ್ತ ಪ್ರಾರ್ಥನಾ ಕೂಟದಲ್ಲಿ “ಸಾಕ್ಷಿ ಹೇಳೋರು ಮುಂದೆ ಬನ್ನಿ” ಎಂದು ಕರೆದಾಗ ಎದ್ದು ಬರುವವರ ಕೈಯಲ್ಲಿ ಯಾವ ಕಾಗದವೂ ಇರುವುದಿಲ್ಲ. ಮಗುವಿನ ಜ್ವರ ಇಳಿದದ್ದು, ಗಂಡ ಕುಡಿತ ಬಿಟ್ಟದ್ದು, ಸಾಲ ತೀರಿದ್ದು ಹೇಳಿ, “ದೇವರಿಗೆ ಸ್ತೋತ್ರ” ಎಂದು ಕೂರುತ್ತಾರೆ.

ಕಣ್ಣಿಗೆ ಸಂಸ್ಕೃತದಲ್ಲಿ ಅಕ್ಷಿ. ಕಣ್ಣಾರೆ ಕಂಡವನು ಸಾಕ್ಷಿ. ಕನ್ನಡದಲ್ಲಿ ಈ ಪದ ಮದುವೆಗೆ ಹೋಗಿ ಅಗ್ನಿಸಾಕ್ಷಿಯಾಯಿತು, ಎದೆಯೊಳಗೆ ಇಳಿದು ಮನಸ್ಸಾಕ್ಷಿಯಾಯಿತು. ವೇದಾಂತಿಗಳು ಒಳಗಿದ್ದು ಎಲ್ಲವನ್ನೂ ಅರಿಯುವ ಚೈತನ್ಯವನ್ನೇ ಸಾಕ್ಷಿ ಎಂದರು. ಕೋಲಾರ ಸೀಮೆಯ ವೀರಗಲ್ಲುಗಳ ನೆತ್ತಿಯಲ್ಲಿ ಸೂರ್ಯ ಚಂದ್ರರನ್ನು ಕೆತ್ತಿದವರೂ ಬಾನಿನ ಆ ಇಬ್ಬರನ್ನು ಸಾಕ್ಷಿಗೆ ಕರೆದವರೇ.

ಗ್ರೀಕಿನಲ್ಲಿ ಸಾಕ್ಷಿಯನ್ನು ಸೂಚಿಸುವ ಮಾತಿನಿಂದಲೇ ಇಂಗ್ಲಿಷಿನ ‘ಮಾರ್ಟಿರ್’ ಹುಟ್ಟಿತು. ಅರಬ್ಬಿಯ ‘ಶಹಾದತ್’ ಕೂಡ ಸಾಕ್ಷಿಯೇ. ಮುಸಲ್ಮಾನರ ನಂಬಿಕೆಯ ಮೊದಲ ಮಾತಿಗೆ ಅದೇ ಹೆಸರು. ಎರಡೂ ಕಡೆ, ಕಂಡ ಸತ್ಯಕ್ಕಾಗಿ ಪ್ರಾಣ ಕೊಟ್ಟವನನ್ನು ಕರೆಯಲು ಸಾಕ್ಷಿಯ ಮಾತೇ ಒದಗಿತು.

ಕೋಲಾರ ಚಿನ್ನದ ಗಣಿಗಳ ಊರಾದ ಕೆಜಿಎಫ್‌ನಲ್ಲಿ ಈ ಪದಕ್ಕೆ ಹೆಚ್ಚಿನ ತೂಕವಿದೆ. ನಂದಿದುರ್ಗ, ಚಾಂಪಿಯನ್ ರೀಫ್, ಮೈಸೂರು ಗಣಿಗಳಿಗೆ ಇಳಿದವರು ಸಂಜೆ ಮೇಲೆ ಬರುತ್ತಾರೆಂಬ ಖಾತ್ರಿ ಇರಲಿಲ್ಲ. ಚಾಂಪಿಯನ್ ರೀಫ್ 3 ಕಿಲೋಮೀಟರಿಗೂ ಹೆಚ್ಚು ಆಳ. ಒತ್ತಡಕ್ಕೆ ಬಂಡೆಯೇ ಸಿಡಿಯುತ್ತಿತ್ತು. ಅಂಥ ಕಡೆ ಮನೆ ಸೇರಿದ ಪ್ರತಿ ದಿನವೂ ದೇವರಿಗೆ ಕೈಮುಗಿಯಲು ಕಾರಣವಾಗಿತ್ತು. 2001ರ ಫೆಬ್ರುವರಿ 28ರಂದು ಈ ಗಣಿಗಳನ್ನು ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಬೆಳಗಿನ ರೈಲಿಗೆ ಬೆಂಗಳೂರಿಗೆ ದುಡಿಯಲು ಹೋಗುವ ಗಣಿ ಕಾರ್ಮಿಕರ ಮಕ್ಕಳ ಪಾಲಿಗೆ ಸಿಕ್ಕ ಕೆಲಸವೇ ಈಗ ಸಾಕ್ಷಿಯ ವಿಷಯ.

ಹೀಗೆ ಸಾಕ್ಷಿ ಹೇಳುವುದು ಕ್ರೈಸ್ತರ ಸೊತ್ತು ಮಾತ್ರವಲ್ಲ. ಹತ್ತಿರದ ಕಮ್ಮಸಂದ್ರದ ಕೋಟಿಲಿಂಗೇಶ್ವರದಲ್ಲಿ ಹರಕೆ ಫಲಿಸಿದವರು ಲಿಂಗ ಪ್ರತಿಷ್ಠಾಪಿಸುತ್ತಾರೆ. ಸಾಲುಸಾಲು ನಿಂತ ಆ ಕಲ್ಲುಗಳು ಬಾಯಿಲ್ಲದ ಸಾಕ್ಷಿಗಳು. ಕಳೆದ ಶತಮಾನದ ಆರಂಭದಲ್ಲೇ ತಮಿಳು ಬೌದ್ಧ ಚಿಂತಕ ಪಂಡಿತ ಅಯೋತಿದಾಸರ ಶಾಕ್ಯ ಬೌದ್ಧ ಸಂಘ ಇದೇ ಗಣಿ ಸೀಮೆಯ ಮಾರಿಕುಪ್ಪಂನಲ್ಲಿ ಬೇರೂರಿತ್ತು; ದಲಿತ ಕಾರ್ಮಿಕರು ತಾವು ಕಂಡುಕೊಂಡ ಧಮ್ಮವನ್ನು ಪುಸ್ತಕ ಅಚ್ಚು ಹಾಕಿಸಿ ಹಂಚಿದರು.

ನ್ಯಾಯಾಲಯದಲ್ಲಿ ಸಾಕ್ಷಿ ಬೇರೆ, ವಕೀಲ ಬೇರೆ. ಗೆಲ್ಲಬೇಕೆಂದು ವಾದಿಸುವುದು ವಕೀಲನ ಕೆಲಸ. ಕಂಡಷ್ಟನ್ನು ಕೂಡಿಸದೆ ಕಳೆಯದೆ ಹೇಳಿ ಇಳಿದು ಬರುವುದು ಸಾಕ್ಷಿಯ ಕೆಲಸ. ನಂಬಿಕೆಯನ್ನು ಹಂಚುವಾಗಲೂ ನಮಗೆ ಸಾಕ್ಷಿಯ ಸ್ಥಾನವೇ ಸರಿ. “ನನ್ನನ್ನು ದೇವರು ಕಾಪಾಡಿದ” ಎಂದು ಹೇಳಲು ಎಲ್ಲರಿಗೂ ಹಕ್ಕಿದೆ. “ನಿನ್ನ ದೇವರು ಕಾಪಾಡಲಾರ” ಎಂದಾಗ ಅದು ಸಾಕ್ಷಿಯಲ್ಲ. ಕಾಣದ್ದರ ಬಗ್ಗೆ ಕೊಟ್ಟ ಹೇಳಿಕೆ. ಪವಾಡಕ್ಕೆ ಬಣ್ಣ ಹಚ್ಚಿ ಹೇಳಿದರೆ ಅದು ಸುಳ್ಳುಸಾಕ್ಷಿ. ದೇವರ ಹೆಸರಿನಲ್ಲಿ ಹೇಳಿದ ಮಾತ್ರಕ್ಕೆ ಅದು ನಿಜವಾಗುವುದಿಲ್ಲ.

ಪಡೆದ ಉಪಕಾರವನ್ನು ಮುಚ್ಚಿಡಬೇಡಿ, ನಾಲ್ಕು ಜನರ ಮುಂದೆ ಹೇಳಿ. ಇನ್ನೊಬ್ಬರು ತಮ್ಮದನ್ನು ಹೇಳುವಾಗ, ದೇವರ ಹೆಸರು ಯಾವುದಾದರೂ ಆಗಿರಲಿ, ಪೂರ್ತಿ ಕೇಳಿ.