ಹೆಸರಲ್ಲಿ ನಗರ, ಹೊಲದಲ್ಲಿ ರಾಗಿ

ಮೊನ್ನೆ ಬೆಳಿಗ್ಗೆ ಡೈರಿ ಹತ್ರ ಹಾಲು ಅಳೆಸ್ತಾ ನಿಂತಿದ್ದಾಗ ಪಕ್ಕದೂರಿನ ಹುಡುಗ ಕೇಳಿದ: "ಅಣ್ಣ, ನಮ್ಮ ಪಂಚಾಯ್ತೀನೂ ಕಾರ್ಪೊರೇಶನ್‌ಗೆ ಸೇರಿಸ್ತಾರಂತೆ. ಒಳ್ಳೇದಾ, ಕೆಟ್ಟದ್ದಾ?" ಅಲ್ಲಿ ಉತ್ತರ ಹೇಳೋಕೆ ಆಗ್ಲಿಲ್ಲ. ರಾಗಿ ತೆನೆ ಬಲೀತಾ ಇದೆ, ಕೊಯ್ಲಿಗೆ ಇನ್ನೂ ಟೈಮಿದೆ, ಅದಕ್ಕೆ ಈಗ ಕೂತು ಬರೀತಿದೀನಿ.

ನಮ್ಮ ಬೆಂಗಳೂರು ಸೀಮೆಯಲ್ಲಿ ಊರಿಗೊಂದು ಕಾನೂನು, ಪಟ್ಟಣಕ್ಕೊಂದು ಕಾನೂನು ಅನ್ನೋದು ಹಳೇ ಕತೆ. 1862ರಲ್ಲಿ ಪೇಟೆಗೊಂದು, ದಂಡಿಗೊಂದು ಪುರಸಭೆ ಮಂಡಳಿ ಆಯ್ತು. ಹಳ್ಳಿಗಳಲ್ಲಿ ಮಾತ್ರ ಪಟೇಲ, ಶಾನುಭೋಗರೇ ಸರ್ಕಾರ. ಪೇಟೆ, ದಂಡು ಸೇರಿ ಒಂದೇ ಕಾರ್ಪೊರೇಶನ್ ಆಗಿದ್ದು 1949ರಲ್ಲಿ. ಹತ್ತು ವರ್ಷ ಬಿಟ್ಟು 1959ರ ಕಾಯ್ದೆಯಲ್ಲಿ ಹಳ್ಳಿಗಳಿಗೆ ಪಂಚಾಯ್ತಿ, ತಾಲ್ಲೂಕಿಗೆ ಬೋರ್ಡು ಬಂತು.

ನಮ್ಮಪ್ಪ ಬಾಯ್ತುಂಬ ಹೇಳ್ತಿದ್ದಿದ್ದು ಮಂಡಲ ಪಂಚಾಯ್ತಿ ಕಾಲದ್ದು. 1983ರ ಕಾಯ್ದೆ, ಓಟು ನಡೆದಿದ್ದು 1987ರ ಜನವರಿಯಲ್ಲಿ. ಅದರ ಹಿಂದೆ ಇದ್ದೋರು ಅಬ್ದುಲ್ ನಜೀರ್ ಸಾಬ್. ಹಳ್ಳಿಹಳ್ಳಿಗೆ ಬೋರ್‌ವೆಲ್ ಹಾಕಿಸಿ ಜನರ ಬಾಯಲ್ಲಿ "ನೀರ್ ಸಾಬ್" ಆದೋರು. ಹೆಂಗಸರಿಗೆ ನಾಲ್ಕರಲ್ಲಿ ಒಂದು ಸೀಟು ಮೀಸಲು ಅಂತ ಆಗಲೇ ಮಾಡಿದ್ರು. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯಮಂತ್ರಿ ದರ್ಜೆ. ಅದಕ್ಕೆ ಸ್ವಲ್ಪ ಮೊದಲು, 1986ರಲ್ಲಿ, ಜಿಲ್ಲೆ ನಗರ, ಗ್ರಾಮಾಂತರ ಅಂತ ಎರಡಾಗಿತ್ತು. ನಾವು ಬಿದ್ದಿದ್ದು ನಗರದ ಕಡೆಗೆ. ಹೆಸರಲ್ಲಿ ನಗರ, ಹೊಲದಲ್ಲಿ ರಾಗಿ! ಪಂಪು ಕೆಟ್ಟರೆ ಅಪ್ಪ ಮಂಡಲದ ಆಫೀಸಿಗೆ ನಡ್ಕೊಂಡೇ ಹೋಗಿ ಮೆಂಬರ್‌ನ ಹಿಡ್ಕೊಂಡು ಬರ್ತಿದ್ರಂತೆ.

ಐದು ವರ್ಷ ಮುಗೀತು. 1992ರಲ್ಲಿ ಚುನಾವಣೆ ಮಾಡ್ಲಿಲ್ಲ, ಆಡಳಿತಾಧಿಕಾರಿ ಕೂರಿಸಿದ್ರು. ಈ "ಆಡಳಿತಾಧಿಕಾರಿ" ಅನ್ನೋ ಪದ ನೆನಪಿಟ್ಕೊಳ್ಳಿ, ನಮ್ಮ ಕತೆಯಲ್ಲಿ ಪದೇ ಪದೇ ಬರುತ್ತೆ.

ಸಂವಿಧಾನಕ್ಕೆ 73, 74ನೇ ತಿದ್ದುಪಡಿ ಬಂತು. ಅವಧಿ ಮುಗಿಯೋದ್ರೊಳಗೆ ಚುನಾವಣೆ ಆಗ್ಲೇಬೇಕು ಅಂತ ಬರೆದ್ರು. ನಮ್ಮ ರಾಜ್ಯದ ಪಂಚಾಯತ್ ರಾಜ್ ಕಾಯ್ದೆ 1993ರದ್ದು. ಸರಿ, ಇನ್ನು ತೊಂದರೆ ಇಲ್ಲ ಅಂದ್ಕೊಂಡ್ವಿ.

2007ರಲ್ಲಿ ಸುತ್ತಲಿನ ಏಳು ನಗರಸಭೆ, ಕೆಂಗೇರಿ ಪುರಸಭೆ, ಜೊತೆಗೆ 110 ಹಳ್ಳಿ ಸೇರಿಸಿ ಬಿಬಿಎಂಪಿ ಮಾಡಿದ್ರು. ನನ್ನ ಭಾಮೈದನ ಊರು ಆ 110ರಲ್ಲಿ ಒಂದು. ಪಂಚಾಯ್ತಿ ಮೆಂಬರ್‌ಗಳು ಮನೆಗೆ ಹೋದ್ರು, ಕಾರ್ಪೊರೇಟರ್ ಬರ್ಲಿಲ್ಲ. ಓಟು ನಡೆದಿದ್ದು 2010ರ ಮಾರ್ಚ್‌ನಲ್ಲಿ. ಅಂದ್ರೆ ಮೂರು ವರ್ಷ ಬೀದಿದೀಪ ಹೋದ್ರೂ ಹೇಳ್ಕೊಳ್ಳೋಕೆ ಓಟು ಹಾಕಿದ ಒಬ್ಬ ಮನುಷ್ಯ ಇರ್ಲಿಲ್ಲ. ಗ್ರಾಮಸಭೆ ಹೋಯ್ತು. ಆ ಹಳ್ಳಿಗಳಿಗೆ ಅಂತಲೇ ಮಾಡಿದ ಕಾವೇರಿ ಐದನೇ ಹಂತದ ನೀರು ಶುರುವಾಗಿದ್ದು 2024ರ ಅಕ್ಟೋಬರ್‌ನಲ್ಲಿ. ಸೇರಿ ಹದಿನೇಳು ವರ್ಷ ಕಳೆದ ಮೇಲೆ. ನಿಜ ಹೇಳ್ಬೇಕು ಅಂದ್ರೆ ಭಾಮೈದ ಸೈಟಿನ ರೇಟು ಏರಿದ್ದಕ್ಕೆ ಬೇಜಾರು ಮಾಡ್ಕೊಂಡಿಲ್ಲ. ಮಾರೋನಿಗೆ ಲಾಭ, ಉಳೋನಿಗೆ ತಲೆನೋವು.

ಬಿಬಿಎಂಪಿ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ಗೆ ಮುಗೀತು. ಮತ್ತೆ ಆಡಳಿತಾಧಿಕಾರಿ. ಚುನಾವಣೆ ಆಗದೇನೆ 2025ರ ಸೆಪ್ಟೆಂಬರ್‌ನಲ್ಲಿ ಅದೇ ಹೋಗಿ ಐದು ಪಾಲಿಕೆ ಆಯ್ತು. ಅವರನ್ನ ನೋಡಿ ನಗೋ ಹಾಗಿಲ್ಲ. ನಮ್ಮ ತಾಲ್ಲೂಕು, ಜಿಲ್ಲಾ ಪಂಚಾಯ್ತಿಗೆ ಕೊನೇ ಓಟು ಹಾಕಿದ್ದು 2016ರಲ್ಲಿ. 2021ರಿಂದ ಅಲ್ಲೂ ಖಾಲಿ ಕುರ್ಚಿ. ಆಗ ಉಳಿದಿದ್ದು ಗ್ರಾಮ ಪಂಚಾಯ್ತಿ ಒಂದೇ. ಅದಕ್ಕೆ ಓಟು ಹಾಕಿದ್ದು 2020ರ ಡಿಸೆಂಬರ್‌ನಲ್ಲಿ. ಐದು ವರ್ಷದ ಲೆಕ್ಕ ನೀವೇ ಹಾಕಿ.

ಇವತ್ತು ಮತ್ತೆ ಆ ಹುಡುಗ ಸಿಕ್ಕಿದ. "ಸೇರೋದು ಬಿಡೋದು ಆಮೇಲೆ ನೋಡೋಣ. ಸೇರಿಸಿದ ದಿನದಿಂದ ಓಟು ನಡೆಯೋವರೆಗೆ ಎಷ್ಟು ದಿನ ಅಂತ ಮೊದಲು ಗ್ರಾಮಸಭೆಯಲ್ಲಿ ಕೇಳು, ಉತ್ತರ ನಡಾವಳಿ ಪುಸ್ತಕದಲ್ಲಿ ಬರೆಸು" ಅಂದೆ.

"ಗ್ರಾಮಸಭೆ ಯಾವಾಗಣ್ಣ?" ಅಂದ. ಪಿಡಿಓನ ಕೇಳಿ ನಾಳೆ ಇಲ್ಲೇ ಹಾಕ್ತೀನಿ.