ಅಲರ್ ನಿಘಂಟಿನ ಮುಕ್ತಾರ್ಪಣವೂ ಕೋಶಗಳ ಯಂತ್ರಪ್ರವೇಶವೂ

ಶಬ್ದಕೋಶದಲ್ಲಿ ಕರ್ತೃವಿನ ಸ್ವತ್ತು ಯಾವುದು, ಶಬ್ದಗಳೋ ಅವುಗಳ ಜೋಡಣೆಯೋ ಎಂಬ ಪ್ರಶ್ನೆಯು ಪ್ರಾಚೀನರನ್ನು ಬಾಧಿಸಿದಂತೆ ಕಾಣುವುದಿಲ್ಲ. ನಾಗವರ್ಮನು ಅಭಿಧಾನವಸ್ತುಕೋಶದಲ್ಲಿ ಸಂಸ್ಕೃತ ಶಬ್ದಗಳಿಗೆ ಕನ್ನಡದಲ್ಲಿ ಅರ್ಥವನ್ನು ಹೇಳುವಾಗ ಪೂರ್ವಕೋಶಗಳನ್ನೇ ಆಧಾರವಾಗಿಟ್ಟುಕೊಂಡನು. ಅವನ ಕೋಶವನ್ನು ಮುಂದಿನ ಲಿಪಿಕಾರರು ಓಲೆಗಳಲ್ಲಿ ಎತ್ತಿಕೊಳ್ಳುವುದಕ್ಕೆ ಯಾರ ಅಪ್ಪಣೆಯನ್ನೂ ಬೇಡಲಿಲ್ಲ. ಮುದ್ರಣದೊಡನೆ ಗ್ರಂಥಸ್ವಾಮ್ಯದ ಕಟ್ಟಳೆಯೂ ಬಂದಿತು. ೧೮೯೪ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು ಈಗ ಆ ಸ್ವಾಮ್ಯದ ಅವಧಿಯನ್ನು ಮೀರಿದುದರಿಂದ ಎಲ್ಲರದೂ ಆಗಿದೆ. ಆದರೆ ಆ ಬಳಿಕ ಹುಟ್ಟಿದ ಕೋಶಗಳಲ್ಲಿ ಬಹುಪಾಲು ಹಾಗಿಲ್ಲ.

ಗಣಕಯಂತ್ರಗಳ ಕಾಲದಲ್ಲಿ ಈ ಪ್ರಶ್ನೆಯು ಹೊಸ ರೂಪವನ್ನು ತಾಳಿತು. ಮುಕ್ತ ತಂತ್ರಾಂಶವೆಂದರೆ ಯಾರಾದರೂ ಬಳಸಬಹುದಾದ, ತಿದ್ದಬಹುದಾದ, ಮರಳಿ ಹಂಚಬಹುದಾದ ತಂತ್ರಾಂಶ. ಅದರೊಳಗೆ ಸೇರಿಸತಕ್ಕ ಕೋಶವೂ ಅಷ್ಟೇ ಮುಕ್ತವಾಗಿರಬೇಕು. ಓದುವುದಕ್ಕೆ ಮಾತ್ರ ತೆರೆದಿಟ್ಟ ಕೋಶವು ಅಲ್ಲಿ ಉಪಯೋಗಕ್ಕೆ ಬಾರದು. ಜಪಾನೀ ಭಾಷೆಗೆ ೧೯೯೧ರಲ್ಲಿಯೇ ಆಸ್ಟ್ರೇಲಿಯಾದ ಜಿಮ್ ಬ್ರೀನ್ ಎಂಬವರು ಜಪಾನೀ-ಇಂಗ್ಲಿಷ್ ಕೋಶವೊಂದನ್ನು ಆರಂಭಿಸಿ ಲೋಕಕ್ಕೆ ಒಪ್ಪಿಸಿದರು. ಬಗೆಬಗೆಯ ತಂತ್ರಾಂಶಗಳು ಅದರಿಂದಲೇ ಬೆಳೆದುವು. ಮಲೆಯಾಳಕ್ಕೆ ೨೦೧೦ರಲ್ಲಿ ಕೈಲಾಶ್ ನಾಧ್ ಅವರ ‘ಓಳಂ’ ಬಂದಿತು.

ಕನ್ನಡದ ಸರದಿಯು ೨೦೧೯ರಲ್ಲಿ ಬಂದಿತು. ವಿ. ಕೃಷ್ಣ ಎಂಬವರು ನಾಲ್ಕು ದಶಕಗಳ ಕಾಲ ಒಬ್ಬರೇ ಕುಳಿತು ರಚಿಸಿದ ಕನ್ನಡ-ಇಂಗ್ಲಿಷ್ ಕೋಶವು ಆ ವರ್ಷ ‘ಅಲರ್’ ಎಂಬ ಹೆಸರಿನಿಂದ ಬೆಳಕಿಗೆ ಬಂದಿತು. ಅದರಲ್ಲಿ ಒಂದೂವರೆ ಲಕ್ಷಕ್ಕೆ ಮೇಲ್ಪಟ್ಟ ಶಬ್ದಗಳೂ ಸುಮಾರು ೨,೪೦,೦೦೦ ಅರ್ಥಗಳೂ ಇರುವುವು. ಕಿಟ್ಟೆಲರ ಕೋಶದ ಶಬ್ದಸಂಖ್ಯೆಯು ಸುಮಾರು ೭೦,೦೦೦ ಎಂಬುದನ್ನು ನೆನೆದರೆ ಈ ಶ್ರಮದ ಅಳತೆಯು ತಿಳಿದೀತು. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ-ಕನ್ನಡ ನಿಘಂಟಿನ ಎಂಟು ಸಂಪುಟಗಳ ಪ್ರಕಟಣೆಗೆ (೧೯೭೦-೧೯೯೫) ವಿದ್ವನ್ಮಂಡಲಿಯೇ ದುಡಿಯಬೇಕಾಯಿತಷ್ಟೆ.

ಕರ್ತೃವು ಈ ಕೋಶವನ್ನು ೨೦೦೯ರಲ್ಲಿ ರೂಪುಗೊಂಡ ಮುಕ್ತ ದತ್ತಸಂಚಯದ ಪರವಾನಗಿಯಂತೆ ಕೊಟ್ಟಿದ್ದಾರೆ. ಯಾರು ಬೇಕಾದರೂ ಇಡೀ ಕೋಶವನ್ನು ಕೊಂಡೊಯ್ಯಬಹುದು; ಆದರೆ ಮೂಲವನ್ನು ಹೆಸರಿಸಬೇಕು, ತಿದ್ದಿ ಬೆಳೆಸಿದ ಸಂಚಯವನ್ನು ಬಹಿರಂಗವಾಗಿ ಬಳಸುವುದಾದರೆ ಅದನ್ನೂ ಅದೇ ನಿಬಂಧನೆಯಿಂದ ಇತರರಿಗೆ ಬಿಟ್ಟುಕೊಡಬೇಕು. ಈ ಎರಡು ಮಾತುಗಳು ಹಗುರವಾಗಿ ತೋರಿದರೂ ಇವುಗಳ ಪರಿಣಾಮವು ದೊಡ್ಡದು. ವಿಕಿಡೇಟಾ ಎಂಬ ಸಾರ್ವಜನಿಕ ಭಂಡಾರದಲ್ಲಿ ೨೦೧೮ರಿಂದ ಶಬ್ದಗಳನ್ನೂ ಸಂಗ್ರಹಿಸುತ್ತಾರೆ. ಅಲ್ಲಿಯ ದತ್ತಾಂಶಕ್ಕೆ ಯಾವ ನಿಬಂಧನೆಯೂ ಇರಕೂಡದೆಂಬುದು ನಿಯಮ. ಆದುದರಿಂದ ಕರ್ತೃವಿನ ಬೇರೆ ಅನುಮತಿಯಿಲ್ಲದೆ ಅಲರ್ ಕೋಶವನ್ನು ಹಾಗೆಯೇ ಅಲ್ಲಿಗೆ ಸುರಿಯಲಾಗದು. ಎರಡೂ ಮುಕ್ತವೇ, ಆದರೂ ಒಂದು ಇನ್ನೊಂದರೊಳಗೆ ಹೋಗದು. ಇದನ್ನು ಕರ್ತೃವಿನ ಜಿಪುಣತನವೆಂದು ಬಗೆಯುವುದು ಅನ್ಯಾಯ. ನಾಲ್ವತ್ತು ವರ್ಷ ದುಡಿದವನು ತನ್ನ ಹೆಸರೊಂದನ್ನು ಉಳಿಸಿಕೊಳ್ಳಬಯಸುವುದು ಹೆಚ್ಚಿನ ಬೆಲೆಯಲ್ಲ.

ಪರವಾನಗಿಯ ಬಳಿಕ ಅಕ್ಷರಗಳ ತೊಡಕು. ಕೋಶವನ್ನು ತಂತ್ರಾಂಶಕ್ಕೆ ಇಳಿಸುವಾಗ ಪ್ರತಿಯೊಂದು ಶಬ್ದವನ್ನೂ ಅದರ ಉಚ್ಚಾರಣೆ, ವ್ಯಾಕರಣವರ್ಗ, ಅರ್ಥ ಎಂದು ವಿಂಗಡಿಸಿ ಬೇರೆ ಬೇರೆ ಮನೆಗಳಲ್ಲಿ ಇರಿಸುತ್ತಾರೆ. ಇದು ಸುಲಭ. ಕಠಿಣವಾದುದು ಶಬ್ದದ ಲಿಪಿರೂಪವೇ. ‘ಸೂರ್ಯ’ ಎಂಬುದನ್ನು ಅರ್ಕಾವತ್ತಿನಿಂದಲೂ ಬರೆಯಬಹುದು, ರಕಾರವನ್ನು ಮೇಲೆ ನಿಲ್ಲಿಸಿ ಯಕಾರವನ್ನು ಒತ್ತಾಗಿಸಿ ‘ಸೂರ‍್ಯ’ ಎಂದೂ ಬರೆಯಬಹುದು. ಎರಡನೆಯದರಲ್ಲಿ ಕಣ್ಣಿಗೆ ಕಾಣದ ಸಂಕೇತವೊಂದು ನಡುವೆ ಸೇರುವುದರಿಂದ ಯಂತ್ರವು ಇದನ್ನು ಬೇರೆ ಶಬ್ದವೆಂದೇ ಎಣಿಸುತ್ತದೆ. ಓತ್ವದ ಚಿಹ್ನೆಯೂ ಒಂದೇ ಸಂಕೇತವಾಗಿ ಇರಬಹುದು, ಮೂರು ತುಂಡುಗಳಾಗಿಯೂ ಇರಬಹುದು. ಇವನ್ನೆಲ್ಲ ಮೊದಲು ಏಕರೂಪಕ್ಕೆ ತಾರದಿದ್ದರೆ ಕೋಶದಲ್ಲಿರುವ ಶಬ್ದವೇ ಹುಡುಕುವವನಿಗೆ ಸಿಕ್ಕದು.

ಏಕರೂಪದ ಆತುರದಲ್ಲಿ ಬೇರೊಂದು ಅಪಾಯವುಂಟು. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಅಷ್ಟು ಜಾಗರೂಕತೆಯಿಂದ ವಿವೇಚಿಸಿದ ೞಕಾರವನ್ನು ಳಕಾರದಲ್ಲಿ ಬೆರೆಸಿಬಿಟ್ಟರೆ ಕತ್ತಿಯೆಂಬರ್ಥದ ‘ಬಾಳ್’ ಶಬ್ದವೂ ಬದುಕೆಂಬರ್ಥದ ‘ಬಾೞ್’ ಧಾತುವೂ ಒಂದಾಗಿಹೋಗುವುವು. ಈ ಅಕ್ಷರಕ್ಕೆ ಲೋಕವ್ಯಾಪ್ತವಾದ ಯೂನಿಕೋಡ್ ಪಟ್ಟಿಯಲ್ಲಿಯೂ ದುರ್ದೈವ ತಪ್ಪಲಿಲ್ಲ: ಅಲ್ಲಿ ಅದಕ್ಕೆ ‘ಫ’ ಎಂಬ ಅಸಂಬದ್ಧ ನಾಮಕರಣವಾಗಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಕೂಡದೆಂಬ ನಿಯಮವಿರುವುದರಿಂದ ಸರಿಯಾದ ಹೆಸರನ್ನು ಉಪನಾಮವಾಗಿ ಸೇರಿಸಿ ಸಮಾಧಾನ ಪಡಬೇಕಾಯಿತು.

ಅಲರಿಗಾಗಿ ಹೊಂದಿಸಿದ ಉಪಾಯವು ಈ ವಿಷಯದಲ್ಲಿ ವಿವೇಕದ್ದು. ‘ಕೆಎನ್‌ಫೋನ್’ ಎಂಬ ಗಣನಕ್ರಮವು ಪ್ರತಿ ಶಬ್ದದ ಧ್ವನಿಯಿಂದ ಮೂರು ಸಂಕೇತಗಳನ್ನು ಕಟ್ಟುತ್ತದೆ; ಮೊದಲನೆಯದು ಸ್ಥೂಲ, ಮುಂದಿನವು ಕ್ರಮವಾಗಿ ಸೂಕ್ಷ್ಮ. ಅಲ್ಪಪ್ರಾಣ ಮಹಾಪ್ರಾಣಗಳಲ್ಲಿ ಎಡವಿದವನೂ ಸ್ಥೂಲಸಂಕೇತದ ಮೂಲಕ ಶಬ್ದವನ್ನು ತಲಪುವನು. ಶಬ್ದದ ಮೂಲರೂಪವಾದರೋ ಕೋಶಕಾರನು ಬರೆದಂತೆಯೇ ತನ್ನ ಮನೆಯಲ್ಲಿ ಅಲುಗದೆ ಉಳಿದಿರುವುದು.