ವೀರರ ಆಟದಲ್ಲಿ ಶ್ರೀಸಾಮಾನ್ಯನ ಬಲವೆಷ್ಟು?

ಮೇಜಿನ ಸುತ್ತ ಐವರು ಕುಳಿತಿದ್ದಾರೆ. ನಾಲ್ವರು ಆಟಗಾರರು, ಒಬ್ಬ ಸೂತ್ರಧಾರ. ಕಥೆಯೊಳಗಿನ ನಾಲ್ವರು ವೀರರು ಯಾವುದೋ ಊರಿನ ಪಾನಗೃಹದಲ್ಲಿ ಹೊಟ್ಟೆತುಂಬ ಉಂಡು ಎದ್ದಿದ್ದಾರೆ. ಒಡೆಯ ಬಂದು ಹಣ ಕೇಳುತ್ತಾನೆ. 'ಕೊಡುವುದಿಲ್ಲ, ಏನು ಮಾಡುತ್ತೀಯೆ?' ಎಂದು ಒಬ್ಬ ಆಟಗಾರ ತನ್ನ ಪಾತ್ರದ ಬಾಯಲ್ಲಿ ಹೇಳಿಸುತ್ತಾನೆ. ಆ ಪಾತ್ರ ಕಳೆದ ವಾರವಷ್ಟೇ ಡ್ರ್ಯಾಗನ್ ಒಂದನ್ನು ಕೊಂದು ಬಂದಿದೆ. ಒಡೆಯನ ಕೈಯಲ್ಲಿರುವುದು ಸೌಟು. ಸೂತ್ರಧಾರ ಏನೆಂದು ಉತ್ತರಿಸಬೇಕು? ಟೇಬಲ್‌ಟಾಪ್ ರೋಲ್ ಪ್ಲೇಯಿಂಗ್ ಆಟಗಳನ್ನು ಅರ್ಧ ಶತಮಾನದಿಂದ ಕಾಡುತ್ತಿರುವ ಪ್ರಶ್ನೆಯಿದು.

ಈ ಆಟದ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಪ್ರತಿಯೊಬ್ಬ ಆಟಗಾರ ಒಂದೊಂದು ಪಾತ್ರವನ್ನು ನಿರ್ವಹಿಸುತ್ತಾನೆ. ರೈತ, ಕಾವಲುಗಾರ, ರಾಜ, ರಾಕ್ಷಸ ಮುಂತಾದ ಉಳಿದೆಲ್ಲರೂ ಸೂತ್ರಧಾರನ ಪಾಲು. ಫಲಿತಾಂಶ ಅನಿಶ್ಚಿತವಾದಾಗ ದಾಳ ಉರುಳುತ್ತದೆ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಪ್ರಕಟಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಈ ಪ್ರಕಾರದ ಮೊದಲ ಮುದ್ರಿತ ಆಟವೆಂದು ಪರಿಗಣಿತವಾಗಿದೆ.

ಅದರ ಬೇರು ಯುದ್ಧದ ಆಟಗಳಲ್ಲಿದೆ. 1971ರಲ್ಲಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ ರೂಪಿಸಿದ 'ಚೈನ್‌ಮೇಲ್' ಎಂಬ ಸೈನ್ಯದಾಟದ ಕಾಲ್ಪನಿಕ ಭಾಗದಲ್ಲಿ ಒಬ್ಬ 'ಹೀರೊ' ನಾಲ್ವರು ಸೈನಿಕರಿಗೆ ಸಮ, 'ಸೂಪರ್‌ಹೀರೊ' ಎಂಟು ಮಂದಿಗೆ ಸಮ. ಉದ್ಯೋಗಪರ್ವದಲ್ಲಿ ಭೀಷ್ಮ ಎರಡೂ ಕಡೆಯ ರಥಿಕರನ್ನೂ ಅತಿರಥರನ್ನೂ ಎಣಿಸಿ ಹೇಳುವುದನ್ನು ಬಲ್ಲ ನಮಗೆ ಈ ಲೆಕ್ಕಾಚಾರ ಹೊಸದೆನಿಸದು. 1974ರ ಆಟದಲ್ಲೂ ನಾಲ್ಕನೇ ಹಂತಕ್ಕೇರಿದ ಯೋಧನ ಬಿರುದು ಹೀರೊ, ಎಂಟನೇ ಹಂತದವನದು ಸೂಪರ್‌ಹೀರೊ. ಆದರೆ ಮೊದಲ ಹಂತದಲ್ಲಿ ವೀರನಿಗೂ ಹಳ್ಳಿಗನಿಗೂ ಇದ್ದ ಅಂತರ ಕೂದಲೆಳೆಯಷ್ಟು. ಯಾವ ಆಯುಧದ ಪೆಟ್ಟಾದರೂ ಆರು ಮುಖದ ಒಂದು ದಾಳದಷ್ಟು. ಹೊಸಬನ ಪ್ರಾಣಾಂಕವೂ ಹೆಚ್ಚುಕಡಿಮೆ ಅಷ್ಟೇ. ಹೀಗಾಗಿ ಗುಹೆಗೆ ಇಳಿಯುವ ಮುನ್ನ ಊರಿನಲ್ಲಿ ಪಂಜು ಹಿಡಿಯುವವರನ್ನು, ಕೂಲಿ ಸೈನಿಕರನ್ನು ಗೊತ್ತುಮಾಡಿಕೊಳ್ಳುವುದು ರೂಢಿಯಾಗಿತ್ತು. ಊರಿನವರ ಹಂಗಿಲ್ಲದೆ ವೀರ ಬದುಕುವಂತಿರಲಿಲ್ಲ.

ಹಂತಗಳು ಏರಿದಂತೆ ಹಂಗು ಹರಿಯುತ್ತದೆ. 1978ರ 'ಅಡ್ವಾನ್ಸ್ಡ್' ಆವೃತ್ತಿಯ ಕೈಪಿಡಿಯ ಪ್ರಕಾರ ಯೋಧನೊಬ್ಬ ಯಾವ ಹಂತದಲ್ಲಿರುತ್ತಾನೋ ಒಂದು ಸುತ್ತಿನಲ್ಲಿ ಅಷ್ಟು ಸಲ ಸಾಧಾರಣ ಮನುಷ್ಯರ ಮೇಲೆ ಕತ್ತಿ ಬೀಸಬಹುದು. 2000ದಲ್ಲಿ ಬಂದ ಮೂರನೇ ಆವೃತ್ತಿ 'ಕಾಮನರ್' ಎಂಬ ಪ್ರತ್ಯೇಕ ವರ್ಗವನ್ನೇ ಸೃಷ್ಟಿಸಿ ಶ್ರೀಸಾಮಾನ್ಯನಿಗೆ ಪುಸ್ತಕದಲ್ಲಿ ಸ್ಥಾನ ಕೊಟ್ಟಿತೇನೋ ನಿಜ. ಆದರೆ ಆತನಿಗೆ ದಕ್ಕಿದ್ದು ನಾಲ್ಕು ಮುಖದ ದಾಳದಷ್ಟು ಪ್ರಾಣ. ಸಾಕಿದ ಬೆಕ್ಕು ಎರಡು ಸಲ ಪರಚಿ ಒಮ್ಮೆ ಕಚ್ಚಿದರೆ ರೈತ ಸಾಯಬಹುದು ಎಂಬ ನಗೆಮಾತು ಆಟಗಾರರ ವಲಯದಲ್ಲಿ ಹುಟ್ಟಿದ್ದು ಆಗಲೇ. ಇನ್ನೊಂದು ತುದಿಯಲ್ಲಿ ಉನ್ನತ ಹಂತದ ವೀರನ ರಕ್ಷಣಾಂಕ ಎಷ್ಟು ಏರುತ್ತಿತ್ತೆಂದರೆ, ಇಪ್ಪತ್ತು ಮುಖದ ದಾಳದಲ್ಲಿ ಇಪ್ಪತ್ತೇ ಬಿದ್ದರೆ ಮಾತ್ರ ಕಾವಲುಗಾರನ ಈಟಿ ತಾಗುತ್ತಿತ್ತು. ಇಂಥ ಲೋಕದಲ್ಲಿ ರಾಜಾಜ್ಞೆಗೆ, ನ್ಯಾಯಸ್ಥಾನಕ್ಕೆ, ಕೋಟೆಗೋಡೆಗೆ ಏನರ್ಥ?

ಇದಕ್ಕೆ ತದ್ವಿರುದ್ಧ ಹಾದಿ ಹಿಡಿದದ್ದು 1978ರ 'ರೂನ್‌ಕ್ವೆಸ್ಟ್'. ಸ್ಟೀವ್ ಪೆರಿನ್ ಪ್ರಮುಖವಾಗಿ ರೂಪಿಸಿದ ಈ ಆಟದಲ್ಲಿ ಅನುಭವ ಹೆಚ್ಚಿದಂತೆ ಕೌಶಲ ಬೆಳೆಯುತ್ತದೆಯೇ ಹೊರತು ದೇಹ ಬೆಳೆಯುವುದಿಲ್ಲ. ಪೆಟ್ಟು ತಲೆಗೋ ಕಾಲಿಗೋ ಎಂಬುದನ್ನೂ ದಾಳವೇ ನಿರ್ಧರಿಸುತ್ತದೆ. ರೈತನೊಬ್ಬನ ಅದೃಷ್ಟದ ಒಂದು ತಿವಿತ ಮಹಾವೀರನನ್ನು ಕೆಡವಬಹುದು. ಆದ್ದರಿಂದ ಮಹಾವೀರನೂ ಮಾತನಾಡಿ ಬಗೆಹರಿಸಿಕೊಳ್ಳಲು ನೋಡುತ್ತಾನೆ. 1981ರ 'ಕಾಲ್ ಆಫ್ ಕತುಲ್ಹು' ಇನ್ನೂ ಮುಂದೆ ಹೋಗಿ ಪ್ರಾಧ್ಯಾಪಕ, ಪತ್ರಕರ್ತರಂಥ ಸಾಮಾನ್ಯರನ್ನೇ ಆಟಗಾರರ ಪಾತ್ರಗಳನ್ನಾಗಿಸಿತು.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ತಾನೇ 2014ರ ಐದನೇ ಆವೃತ್ತಿಯಲ್ಲಿ ಸಂಖ್ಯೆಗಳಿಗೆ ಕಡಿವಾಣ ಹಾಕಿತು. ಲೆಕ್ಕ ಹಾಕಿ ನೋಡಬಹುದು. ಮಂತ್ರಶಕ್ತಿಯಿಲ್ಲದ ಪೂರ್ಣ ಲೋಹಕವಚ ಮತ್ತು ಗುರಾಣಿ ಧರಿಸಿದ ಯೋಧನ ರಕ್ಷಣಾಂಕ 20. ಸಾಧಾರಣ ಕಾವಲುಗಾರ ತನ್ನ ದಾಳಕ್ಕೆ 3 ಸೇರಿಸಿಕೊಳ್ಳುತ್ತಾನೆ. 17 ಅಥವಾ ಮೇಲೆ ಬಿದ್ದರೆ ಈಟಿ ತಾಗುತ್ತದೆ. ಅಂದರೆ ಐದಕ್ಕೆ ಒಂದು. ನಲವತ್ತು ಮಂದಿ ಒಟ್ಟಿಗೆ ಈಟಿ ಎಸೆದರೆ ಸರಾಸರಿ ಎಂಟು ತಾಗುತ್ತವೆ, ಆರು ಸೆಕೆಂಡಿನ ಒಂದೇ ಸುತ್ತಿನಲ್ಲಿ 36 ಅಂಕಗಳಷ್ಟು ಪೆಟ್ಟು. ಇಪ್ಪತ್ತನೇ ಹಂತದ ಯೋಧನ ಪ್ರಾಣಾಂಕ ಇನ್ನೂರರ ಆಸುಪಾಸು. ಆತ ಗೆಲ್ಲಬಹುದು, ಆದರೆ ನಿರ್ಲಕ್ಷಿಸಲಾರ. ಒಗ್ಗಟ್ಟಿಗೆ ಬೆಲೆ ಬಂತು.

ಕತ್ತಿಗೆ ಬಿದ್ದ ಈ ಕಡಿವಾಣ ಮಂತ್ರಕ್ಕೆ ಬೀಳಲಿಲ್ಲ ಎಂಬುದೇ ತಮಾಷೆ. ಅದೇ ಆವೃತ್ತಿಯ ಐದನೇ ಹಂತದ ಮಾಂತ್ರಿಕ ಎಸೆಯುವ ಬೆಂಕಿಯುಂಡೆ ಸರಾಸರಿ 28 ಅಂಕಗಳ ಪೆಟ್ಟು ಕೊಡುತ್ತದೆ. ತಪ್ಪಿಸಿಕೊಂಡವನಿಗೂ ಅರ್ಧ, ಅಂದರೆ 14. ಕಾವಲುಗಾರನ ಪ್ರಾಣಾಂಕ 11. ಇಪ್ಪತ್ತಡಿ ತ್ರಿಜ್ಯದೊಳಗೆ ನಿಂತವರ ಒಗ್ಗಟ್ಟೇ ಅವರಿಗೆ ಮುಳುವು.

ಕೆಲವು ಆಟಗಳು ಅಸಮಾನತೆಯನ್ನು ಮುಚ್ಚಿಡದೆ ಒಪ್ಪಿಕೊಂಡಿವೆ. ಹಾಂಗ್‌ಕಾಂಗ್ ಸಾಹಸ ಚಿತ್ರಗಳ ಧಾಟಿಯ, ರಾಬಿನ್ ಲಾಸ್ ರಚಿಸಿದ 'ಫೆಂಗ್ ಶೂಯಿ' (1996) ಹೆಸರಿಲ್ಲದ ಪಾತ್ರಗಳು ಒಂದೇ ಒಳ್ಳೆಯ ಪೆಟ್ಟಿಗೆ ಉರುಳಬೇಕೆಂದು ವಿಧಿಸಿತು. 2008ರ ನಾಲ್ಕನೇ ಆವೃತ್ತಿಯ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ 'ಮಿನಿಯನ್'ಗಳಿಗೆ ಪ್ರಾಣಾಂಕ ಒಂದೇ. ಖಳನ ಬಂಟರಿಗೆ ಇದು ಸರಿ. ಸಂತೆಗೆ ಬಂದ ಮುದುಕಿಯನ್ನೂ ಅದೇ ತಕ್ಕಡಿಯಲ್ಲಿಟ್ಟರೆ ಆಟಗಾರ ಕ್ರಮೇಣ ಎಲ್ಲರನ್ನೂ ಹಾಗೆಯೇ ಕಾಣತೊಡಗುತ್ತಾನೆ. ಊರೂರು ಅಲೆದು ಕೊಂದು ದೋಚುವ ಇಂಥ ಪಾತ್ರಗಳಿಗೆ ಆಟಗಾರರೇ 'ಮರ್ಡರ್ ಹೋಬೊ' ಎಂಬ ಹೆಸರಿಟ್ಟಿದ್ದಾರೆ.

ಈ ಲೇಖಕನ ಅಭಿಪ್ರಾಯದಲ್ಲಿ ಅತ್ಯಂತ ವಿಚಾರಪೂರ್ಣ ಪರಿಹಾರ 1987ರ 'ಆರ್ಸ್ ಮ್ಯಾಜಿಕಾ'ದ್ದು. ಜೊನಾಥನ್ ಟ್ವೀಟ್ ಮತ್ತು ಮಾರ್ಕ್ ರೈನ್‌ಹೇಗನ್ ರಚಿಸಿದ ಈ ಆಟ ನಡೆಯುವುದು ಮಧ್ಯಯುಗದ ಯುರೋಪಿನಲ್ಲಿ. ಮಾಂತ್ರಿಕರು ಎಲ್ಲರಿಗಿಂತ ಬಲಿಷ್ಠರೆಂಬುದನ್ನು ಆಟ ಅಲ್ಲಗಳೆಯುವುದಿಲ್ಲ. ಬದಲಿಗೆ ಪ್ರತಿ ಆಟಗಾರನಿಗೆ ಒಬ್ಬ ಮಾಂತ್ರಿಕ, ಒಬ್ಬ ಮಾಂತ್ರಿಕನಲ್ಲದ ಸಂಗಾತಿ; ಜತೆಗೆ 'ಗ್ರಾಗ್' ಎಂದು ಕರೆಯುವ ಆಳುಕಾಳುಗಳು ಎಲ್ಲ ಆಟಗಾರರಿಗೂ ಸೇರಿದ ಸಮಾನ ಆಸ್ತಿ. ಇಂದು ಮಾಂತ್ರಿಕನಾಗಿ ಆಡಿದವ ನಾಳೆ ಬಾಗಿಲು ಕಾಯುತ್ತಾನೆ. ಮಾಂತ್ರಿಕನ ಜನ್ಮಜಾತ ಶಕ್ತಿಯೇ ಎದುರಿನವರಲ್ಲಿ ಅಪನಂಬಿಕೆ ಹುಟ್ಟಿಸುವುದರಿಂದ ಸಂತೆಯಲ್ಲಿ ಮಾತನಾಡಲು ಆತನಿಗೆ ಸಾಮಾನ್ಯರೇ ಬೇಕು. ಜನಸಾಮಾನ್ಯರ ವ್ಯವಹಾರದಲ್ಲಿ ಕೈಹಾಕಿ ಇಡೀ ಪಂಥಕ್ಕೆ ಅಪಾಯ ತರಬಾರದೆಂಬ ಕಟ್ಟಳೆಯೂ ಇದೆ. ಮುಂದೆ ರೈನ್‌ಹೇಗನ್ 'ವ್ಯಾಂಪೈರ್: ದಿ ಮಾಸ್ಕರೇಡ್'ನಲ್ಲಿ (1991) ಇದೇ ತಂತುವನ್ನು ಬಳಸಿದರು: ರಕ್ತಪಿಪಾಸುಗಳು ಒಬ್ಬೊಬ್ಬ ಮನುಷ್ಯನಿಗೂ ಮೃತ್ಯುವೇ, ಆದರೆ ಮನುಷ್ಯರು ಅಸಂಖ್ಯ; ಆದ್ದರಿಂದ ಅಡಗಿಯೇ ಬದುಕಬೇಕು.

ಮತ್ತೆ ಪಾನಗೃಹಕ್ಕೆ ಬರೋಣ. ಅನುಭವವಿಲ್ಲದ ಸೂತ್ರಧಾರರು ಮಾಡುವ ಉಪಾಯವೊಂದಿದೆ. ಒಡೆಯ ನಿಜಕ್ಕೂ ನಿವೃತ್ತ ಮಹಾಯೋಧನೆಂದು ಆ ಕ್ಷಣದಲ್ಲೇ ಘೋಷಿಸಿ, ಸೌಟಿನಿಂದಲೇ ವೀರನನ್ನು ಬಡಿಸಿಬಿಡುವುದು! ಆಟಗಾರನ ಸೊಕ್ಕು ಇಳಿಯುತ್ತದೆ, ಸರಿ. ಆದರೆ ಅಷ್ಟು ಬಲಶಾಲಿ ಊರಿನಲ್ಲೇ ಇದ್ದಾಗ ಡ್ರ್ಯಾಗನ್ ಕೊಲ್ಲಲು ಹೊರಗಿನವರನ್ನು ಕರೆದದ್ದೇಕೆ ಎಂಬ ಪ್ರಶ್ನೆ ತಕ್ಷಣ ಏಳುತ್ತದೆ. ವೀರರು ಹತ್ತನೇ ಹಂತಕ್ಕೇರಿದೊಡನೆ ಕಾವಲುಗಾರರೂ ಹತ್ತನೇ ಹಂತದವರಾಗಿಬಿಟ್ಟರೆ ಏರಿದ್ದಕ್ಕೆ ಫಲವೇನು?

ಒಡೆಯನಿಗೆ ಕತ್ತಿಯಲ್ಲದ ಬಲಗಳಿವೆ. ಸುದ್ದಿ ವೀರರಿಗಿಂತ ಮೊದಲೇ ಮುಂದಿನ ಊರು ತಲುಪುತ್ತದೆ. ಕಮ್ಮಾರ ಕುದುರೆಗೆ ಲಾಳ ಕಟ್ಟುವುದಿಲ್ಲ, ಪುರೋಹಿತ ಗಾಯಕ್ಕೆ ಮದ್ದು ಕೊಡುವುದಿಲ್ಲ, ದಾರಿ ತೋರಿಸುವವನಿಲ್ಲ. ಎಂಥ ವೀರನೂ ರಾತ್ರಿ ಮಲಗಲೇಬೇಕು, ಅಡುಗೆ ಯಾರದೋ ಕೈಯದು. ಇವು ಆಟಗಾರನಿಗೆ ಶಿಕ್ಷೆಯೆನಿಸಬಾರದೆಂದರೆ, ಈ ಲೋಕದಲ್ಲಿ ಜನರ ಮಾತಿಗೆ ಬೆಲೆಯಿದೆಯೆಂದು ಮೊದಲ ದಿನವೇ ಎಲ್ಲರೂ ಒಪ್ಪಿಕೊಂಡಿರಬೇಕು. ದಾಳ ಉರುಳಿದ ಮೇಲೆ ಹೇಳಿದರೆ ಅದು ಜಗಳಕ್ಕೆ ದಾರಿ.

2012ರ 'ಡಂಜನ್ ಕ್ರಾಲ್ ಕ್ಲಾಸಿಕ್ಸ್' ಆರಂಭದಲ್ಲೇ ಒಂದು ಏರ್ಪಾಡು ಮಾಡಿದೆ. ಪ್ರತಿ ಆಟಗಾರನಿಗೆ ಮೊದಲು ಸಿಗುವುದು ವೀರನಲ್ಲ. ರೈತ, ಕಮ್ಮಾರ, ದನಗಾಹಿ ಎಂಬಂಥ ಕೆಲವು ಮಂದಿ ಬಡಪಾಯಿಗಳು, ಅವರೂ ಶೂನ್ಯ ಹಂತದವರು. ಮೊದಲ ಸಾಹಸದಲ್ಲಿ ಹೆಚ್ಚಿನವರು ಸಾಯುತ್ತಾರೆ. ಬದುಕುಳಿದವನೇ ಮುಂದೆ ವೀರನಾಗುತ್ತಾನೆ, ಸತ್ತ ನೆರೆಹೊರೆಯವರ ಹೆಸರುಗಳೆಲ್ಲ ಆಟಗಾರನ ಹಾಳೆಯಲ್ಲೇ ಇರುತ್ತವೆ.